ಕೆನ್ನೆಯ ಮೇಲೊಂದು ಸುಳ್ಳು ನೆರಳು

ಬೇಸಿಗೆಯ ರಾತ್ರಿ, ಒಂಬತ್ತು ಗಂಟೆ ದಾಟಿದೆ. ಮಿಡಿಗೇಶಿ ಬೆಟ್ಟದ ಆಸುಪಾಸಿನ ಒಂದು ಹಳ್ಳಿಯಲ್ಲಿ ಜಾತ್ರೆ ಮುಗಿದು ‘ಕುರುಕ್ಷೇತ್ರ’ ನಾಟಕಕ್ಕೆ ಅಣಿಯಾಗುತ್ತಿದೆ. ಡ್ರಾಮಾ ಸೀನರಿಯವರ ಪರದೆಗಳು ಗಾಳಿಗೆ ಉಬ್ಬುತ್ತಿವೆ. ಹಾರ್ಮೋನಿಯಂ ಮೇಷ್ಟ್ರು ಮೈಕಿನವನ ಮೇಲೆ ರೇಗುತ್ತಿದ್ದಾರೆ. ವೇದಿಕೆಯ ಹಿಂದಿನ ಶಾಲೆಯ ಕೋಣೆಯಲ್ಲಿ ತಗಡಿನ ಪೆಟ್ಟಿಗೆಗೆ ಕನ್ನಡಿ ಒರಗಿಸಿಕೊಂಡು ಮೇಕಪ್‌ನವರು ಒಬ್ಬೊಬ್ಬರನ್ನೇ ಕೂರಿಸಿ ಬಣ್ಣ ಹಚ್ಚುತ್ತಿದ್ದಾರೆ. ಈಗ ಕೂತಿರುವುದು ಶಕುನಿ. ಹಗಲಲ್ಲಿ ಕಡಲೆಕಾಯಿ ಬೆಳೆಯುವ ರೈತ, ತುಂಬುಗೆನ್ನೆ, ನಗುಮುಖ. ಶಕುನಿಗೆ ಇವೆರಡೂ ಒಗ್ಗುವುದಿಲ್ಲ.

“ಕೆನ್ನೆ ಒಳೀಕೆ ಎಳ್ಕಳಣ್ಣೋ. ಹಂಗೇ ಇರು.”

ಕೆನ್ನೆ ಗುಳಿಬಿದ್ದ ಕಡೆ ಕಂದು ಬಣ್ಣದ ಒಂದು ಎಳೆ. ಅದರ ಮೇಲಿನ ಮೂಳೆಗೆ ತಿಳಿ ಬಣ್ಣ. ಎರಡನ್ನೂ ಬೆರಳಲ್ಲಿ ತೀಡಿದರೆ ಮುಗಿಯಿತು. ಕೆನ್ನೆ ಬಿಟ್ಟ ಮೇಲೂ ಗುಳಿ ಅಲ್ಲೇ ಇರುತ್ತದೆ.

ಅದೇ ವಾರ ಮಧುಗಿರಿಯದೋ ಶಿರಾದ್ದೋ ಕಲ್ಯಾಣ ಮಂಟಪದ ಹೆಣ್ಣಿನ ಕೋಣೆಗೆ ಇಣುಕಿ ನೋಡಿ. ಬ್ಯೂಟಿಷಿಯನ್ ಕೈಯಲ್ಲಿ ಬ್ರಷ್ಷು, ಪಕ್ಕದಲ್ಲಿ ಆರೇಳು ಬಣ್ಣದ ಪ್ಯಾಲೆಟ್ಟು. “ಸ್ವಲ್ಪ ಕೆನ್ನೆ ಒಳಗೆ ಎಳ್ಕೊಳ್ಳಿ ಮೇಡಂ” ಅಂತ ಆಕೆಯೂ ಹೇಳುತ್ತಾರೆ. ಇಲ್ಲಿ ಈ ಕೆಲಸಕ್ಕೆ ಕಾಂಟೂರಿಂಗ್, ಹೈಲೈಟಿಂಗ್ ಎಂಬ ಹೆಸರಿದೆ, ದರವೂ ಬೇರೆ. ಮದುಮಗಳ ಮುಖದ ಮೇಲೆ ಹುಲಿವೇಷದಂಥ ಕಂದು ಪಟ್ಟೆ, ಬಿಳಿ ಪಟ್ಟೆ ಎಳೆಯುವುದನ್ನು ಮೊಬೈಲಿನ ವಿಡಿಯೊಗಳಲ್ಲಿ ನೋಡದವರು ಈಗ ಕಡಿಮೆ. ಆ ಪಟ್ಟೆ ಯಾಕೆ, ದುಂಡು ಮುಖಕ್ಕೊಂದು ಉದ್ದ ಮುಖಕ್ಕೊಂದು ನಕ್ಷೆ ಯಾಕೆ ಎಂಬುದು ಮಾತ್ರ ಅರ್ಧಂಬರ್ಧ ಗೊತ್ತು. ನಕ್ಷೆಯಿಂದ ಶುರು ಮಾಡಿದರೆ ಅದು ಅರ್ಥವಾಗುವುದೂ ಇಲ್ಲ. ಬೆಳಕಿನಿಂದ ಶುರು ಮಾಡಬೇಕು.

ತಲೆಯ ಮೇಲಿನ ಒಂದೇ ದೀಪ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ನಡುಮಧ್ಯಾಹ್ನ ನೋಡಿದರೆ ಬೋಳು ಗೋಡೆ. ಸಂಜೆ ಐದಕ್ಕೆ ನೋಡಿ: ಒಂದೊಂದು ಮಡಿಕೆ, ಒಂದೊಂದು ಕೊರಕಲು ಎದ್ದು ಬರುತ್ತದೆ. ಕಲ್ಲು ಬದಲಾಗಿಲ್ಲ, ಬಿಸಿಲು ಅಡ್ಡಕ್ಕೆ ಬಿದ್ದಿದೆ ಅಷ್ಟೆ. ಉಬ್ಬು ತಗ್ಗುಗಳನ್ನು ನಮ್ಮ ಕಣ್ಣು ಓದುವುದು ಬಹುಪಾಲು ನೆರಳಿನಿಂದಲೇ.

ಹೀಗೆ ಓದುವಾಗ ಮೆದುಳು ಒಂದು ವಿಷಯವನ್ನು ಕೇಳದೆಯೇ ಒಪ್ಪಿಕೊಂಡಿರುತ್ತದೆ: ಬೆಳಕು ಒಂದೇ ಕಡೆಯಿಂದ, ಅದೂ ಮೇಲಿನಿಂದ ಬರುತ್ತಿದೆ ಎಂದು. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಸರಳ ಚಿತ್ರಗಳಿಂದ ತೋರಿಸಿದರು. ಕಾಗದದ ಮೇಲೆ ಬರೀ ವೃತ್ತಗಳು. ಮೇಲ್ಭಾಗ ಬೆಳ್ಳಗೆ, ಕೆಳಭಾಗ ಕಪ್ಪಗೆ ಇದ್ದರೆ ಅವು ಉಬ್ಬಿದ ಗೋಳಗಳಂತೆ ಕಾಣುತ್ತವೆ. ಕಾಗದವನ್ನು ತಲೆಕೆಳಗು ಮಾಡಿದರೆ ಅವೇ ಕುಳಿಗಳಾಗುತ್ತವೆ. ಕೋಟ್ಯಂತರ ವರ್ಷ ಒಂದೇ ಸೂರ್ಯನ ಕೆಳಗೆ ಬೆಳೆದು ಬಂದ ಕಣ್ಣುಗಳ ಅಭ್ಯಾಸವಿದು.

ಕಾಂಟೂರಿಂಗ್ ಬಂಡವಾಳ ಮಾಡಿಕೊಂಡಿರುವುದು ಈ ಅಭ್ಯಾಸವನ್ನೇ. ನೆರಳು ಬೀಳಬೇಕಾದ ಕಡೆ ಕಂದು ಪುಡಿ, ಬೆಳಕು ತಾಗಬೇಕಾದ ಕಡೆ ಹೊಳಪು. ಮೆದುಳು ಅದನ್ನು ಬಣ್ಣವೆಂದು ತಿಳಿಯದೆ ಆಕಾರವೆಂದು ತಿಳಿಯುತ್ತದೆ.

ಆದರೆ ಇದಕ್ಕೊಂದು ಕರಾರಿದೆ. ಜರ್ಮನಿಯ ಶರೀರವಿಜ್ಞಾನಿ ಎವಾಲ್ಡ್ ಹೆರಿಂಗ್ 19ನೇ ಶತಮಾನದಲ್ಲೇ ಒಂದು ಪುಟ್ಟ ಪ್ರಯೋಗ ಮಾಡಿದ್ದ. ಹಾಳೆಯ ಮೇಲೆ ಬಿದ್ದ ನೆರಳಿನ ಮಸುಕು ಅಂಚಿನ ಸುತ್ತ ಕಪ್ಪು ಗೆರೆ ಎಳೆದರೆ, ಅರೆಕ್ಷಣದ ಹಿಂದೆ ನೆರಳಾಗಿದ್ದದ್ದು ಹಾಳೆಗೆ ಹತ್ತಿದ ಕಲೆಯಂತೆ ಕಾಣತೊಡಗುತ್ತದೆ. ಅಂಚು ಮಸುಕಾಗಿದ್ದರೆ ನೆರಳು, ಸ್ಪಷ್ಟವಾಗಿದ್ದರೆ ಕೊಳೆ. ಪಾರ್ಲರಿನವರು ಪಟ್ಟೆ ಎಳೆದ ಮೇಲೆ ಹತ್ತು ನಿಮಿಷ ಸ್ಪಂಜು ಒತ್ತಿ ಒತ್ತಿ ಬ್ಲೆಂಡ್ ಮಾಡುವುದು, ಹಳ್ಳಿಯ ಮೇಕಪ್‌ನವರು ಬೆರಳಲ್ಲಿ ತೀಡುವುದು ಇದಕ್ಕೇ. ಕಾಂಟೂರ್ ಕೆಟ್ಟಿತು ಎಂದರೆ ನೂರಕ್ಕೆ ತೊಂಬತ್ತು ಸಲ ಕೆಟ್ಟಿರುವುದು ಅಂಚು.

ಕೃಷ್ಣಮೃಗದ ಉಲ್ಟಾ ಮೇಕಪ್ಪು

ಇದೇ ಲೆಕ್ಕವನ್ನು ಹಿಂದುಮುಂದು ಮಾಡಿದ ಪ್ರಾಣಿ ಮಧುಗಿರಿ ತಾಲ್ಲೂಕಿನಲ್ಲೇ ಇದೆ. ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಲ್ಲಿನ ಹೆಣ್ಣು ಜಿಂಕೆಗಳನ್ನು ಗಮನಿಸಿ. ಬೆನ್ನು ಕಂದು, ಹೊಟ್ಟೆ ಬಿಳಿ.

ಬಿಸಿಲು ಬೆನ್ನಿಗೆ ಬೀಳುತ್ತದೆ, ಹೊಟ್ಟೆ ನೆರಳಲ್ಲಿರುತ್ತದೆ. ಬೆಳಕು ಬೀಳುವ ಕಡೆ ಗಾಢ ಬಣ್ಣ, ನೆರಳಿರುವ ಕಡೆ ತಿಳಿ ಬಣ್ಣ ಇದ್ದರೆ ಒಂದು ಇನ್ನೊಂದನ್ನು ಅಳಿಸಿ ಮೈ ಚಪ್ಪಟೆಯಾಗಿ ಕಾಣುತ್ತದೆ. ಚಪ್ಪಟೆ ಕಂಡದ್ದನ್ನು ತೋಳ ಬೇಗ ಗುರುತಿಸಲಾರದು. ಇದನ್ನು 1896ರಲ್ಲಿ ವಿವರಿಸಿದ ಅಮೆರಿಕದ ಅಬಟ್ ಥೇಯರ್ ವಿಜ್ಞಾನಿಯೇ ಅಲ್ಲ, ಚಿತ್ರಕಾರ. ಕ್ಯಾನ್ವಾಸಿನ ಮೇಲೆ ಉಬ್ಬು ತಗ್ಗು ತೋರಿಸಲು ನೆರಳು ಬಿಡಿಸುತ್ತಿದ್ದವನಿಗೇ, ಪ್ರಕೃತಿ ಅದೇ ವಿದ್ಯೆಯಿಂದ ಉಬ್ಬು ತಗ್ಗನ್ನು ಅಳಿಸುತ್ತಿರುವುದು ಕಂಡಿತು. (ಗಂಡು ಕೃಷ್ಣಮೃಗದ ಕಪ್ಪು ಮೈಗೆ ಬೇರೆ ಕೆಲಸವಿದೆ, ಹೆಣ್ಣಿನ ಮುಂದೆ ಮೆರೆಯಬೇಕು, ಎದುರಾಳಿಯನ್ನು ಬೆದರಿಸಬೇಕು.)

ಮದುಮಗಳ ಮೇಕಪ್ಪಿನಲ್ಲಿ ಎರಡೂ ನಡೆಯುತ್ತವೆ. ಮೊದಲು ಫೌಂಡೇಶನ್ ಹಚ್ಚಿ ಮುಖದ ಕಲೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲ ಏರುಪೇರನ್ನು ಒಂದೇ ಬಣ್ಣಕ್ಕೆ ತರುತ್ತಾರೆ. ಮುಖ ಚಪ್ಪಟೆಯಾಗುತ್ತದೆ. ಆಮೇಲೆ ಕಾಂಟೂರ್ ಮಾಡಿ, ಅಳಿಸಿದ ಮುಖವನ್ನು ಮತ್ತೆ ಬರೆಯುತ್ತಾರೆ. ಹೇಳುವಾಗ ಯಾರೂ ಹೀಗೆ ಹೇಳುವುದಿಲ್ಲ. ಆದರೆ ಫೌಂಡೇಶನ್ ದಪ್ಪವಾದಷ್ಟೂ ಕಾಂಟೂರ್ ಹೆಚ್ಚು ಬೇಕಾಗುವುದು ಈ ಕಾರಣಕ್ಕೆ. ಮೊದಲನೆಯದನ್ನು ತೆಳುವಾಗಿಟ್ಟರೆ ಎರಡನೆಯದರ ಅರ್ಧ ಕೆಲಸ ತಪ್ಪುತ್ತದೆ.

ಪಂಜು, ಪೆಟ್ರೋಮ್ಯಾಕ್ಸು, ಫೋಕಸ್ಸು

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಕಡೆ ಮುಖಕ್ಕೆ ಬಣ್ಣ ಹಚ್ಚುವುದು ಪಾರ್ಲರಿನಿಂದ ಬಂದ ವಿದ್ಯೆಯಲ್ಲ. ಕರಾವಳಿಯ ಯಕ್ಷಗಾನದ ಬಂಧು ಎನ್ನಬಹುದಾದ ಮೂಡಲಪಾಯ ಈ ಬಯಲುಸೀಮೆಯದು; ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಅದನ್ನು ಹೊರಗಿನವರ ಗಮನಕ್ಕೆ ತಂದವರಲ್ಲಿ ಮುಖ್ಯರು. ಹಿಂದೆ ಆಟ ನಡೆಯುತ್ತಿದ್ದದ್ದು ಪಂಜಿನ ಬೆಳಕಿನಲ್ಲಿ. ಕುಣಿಯುವ ಆ ಬೆಂಕಿಯ ಮುಂದೆ ನವಿರಾದ ನೆರಳು ನಿಲ್ಲುವುದಿಲ್ಲ. ಅದಕ್ಕೇ ಬಯಲಾಟದ ವೇಷಗಳಲ್ಲಿ ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇದದ ಬಿಳಿ, ಮಸಿಯ ಕಪ್ಪು, ಎಲ್ಲ ದಪ್ಪ ದಪ್ಪ ಗೆರೆ. ಅರದಾಳ ಆರ್ಸೆನಿಕ್ ಇರುವ ಖನಿಜ, ಇಂಗಳೀಕ ಪಾದರಸದ್ದು ಎಂಬುದು ನೆನಪಿದ್ದರೆ, ಆ ಕಾಲದ ಕಲಾವಿದರು ಕೊಬ್ಬರಿ ಎಣ್ಣೆಯಲ್ಲಿ ಮುಖ ಒರೆಸಿಕೊಳ್ಳುವಾಗ ಏನನ್ನು ಒರೆಸಿಕೊಳ್ಳುತ್ತಿದ್ದರು ಎಂದು ತಿಳಿಯುತ್ತದೆ. ಕರಾವಳಿಯವರಂತೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ರಕ್ಕಸ ವೇಷಗಳಿಗೆ ಅಕ್ಕಿಹಿಟ್ಟು, ಸುಣ್ಣದ ಮಿಶ್ರಣದಿಂದ ಚಿಟ್ಟಿ ಇಟ್ಟು ಮುಖದ ಮೇಲೆ ನಿಜವಾದ ಉಬ್ಬನ್ನೇ ಕಟ್ಟಿದರು. ಅಲ್ಲಿ ನೆರಳೂ ಸುಳ್ಳಲ್ಲ.

ಕಂಪನಿ ನಾಟಕಗಳು ಬಂದಾಗ ಬೆಳಕು ಬದಲಾಯಿತು. ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ವೀರಣ್ಣನವರ ಕಾಲಕ್ಕೆ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಇವತ್ತು ಈ ಸೀಮೆಯ ಹಳ್ಳಿಹಳ್ಳಿಯಲ್ಲೂ ದುರ್ಯೋಧನನ ಪಾರ್ಟಿಗೆ ಕೈಯಿಂದ ದುಡ್ಡು ಹಾಕಿ ಪೈಪೋಟಿಗೆ ಬೀಳುತ್ತಾರಲ್ಲ, ಆ ಹುಚ್ಚಿನ ಬೇರು ಕಂಪನಿ ನಾಟಕದಲ್ಲಿದೆ.

ಅಷ್ಟು ಹೊತ್ತಿಗೆ ಯುರೋಪಿನಿಂದ ಹೊಸ ಬಣ್ಣವೂ ಹೊರಟಿತ್ತು. ಸೀಸದ ಬಿಳಿ ಹಚ್ಚಿ ನಟರು ಕಾಯಿಲೆ ಬೀಳುತ್ತಿದ್ದ ಕಾಲದಲ್ಲಿ, ಬರ್ಲಿನ್ನಿನ ಅಪೆರಾ ಗಾಯಕ ಲುಡ್ವಿಗ್ ಲೈಶ್ನರ್ 1873ರಲ್ಲಿ ಸೀಸವಿಲ್ಲದ ಜಿಡ್ಡುಬಣ್ಣದ ಕಡ್ಡಿಗಳ ಕಾರ್ಖಾನೆ ತೆರೆದ. ಒಂದೊಂದು ಬಣ್ಣಕ್ಕೂ ಒಂದೊಂದು ನಂಬರು. ಪೋಲೆಂಡಿನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ಹೋದ ವಿಗ್ ತಯಾರಕ ಮ್ಯಾಕ್ಸ್ ಫ್ಯಾಕ್ಟರ್, ಸಿನಿಮಾ ಕ್ಯಾಮೆರಾ ಹತ್ತಿರ ಬಂದಾಗ ಆ ಜಿಡ್ಡು ಬಿರುಕು ಬಿಡುವುದನ್ನು ಕಂಡು 1914ರಲ್ಲಿ ತೆಳುವಾದದ್ದನ್ನು ಮಾಡಿದ. 1930ರ ದಶಕದ ಕೊನೆಯಲ್ಲಿ ಬಣ್ಣದ ಸಿನಿಮಾಕ್ಕೆಂದು ಅವನ ಕಂಪನಿ ತಂದ ಪ್ಯಾನ್‌ಕೇಕಿನ ಹೆಸರು ನಮ್ಮ ನಾಟಕದ ಮೇಕಪ್ ಪೆಟ್ಟಿಗೆಗಳಲ್ಲಿ ಇವತ್ತಿಗೂ ಉಳಿದಿದೆ.

ರಂಗದ ಮೇಕಪ್‌ನವರಿಗೆ ಗೊತ್ತಿದ್ದ ಗುಟ್ಟೊಂದಿದೆ. ರಂಗದ ಅಂಚಿನಲ್ಲಿ ನೆಲಕ್ಕೆ ದೀಪ ಇಟ್ಟರೆ ಬೆಳಕು ಕೆಳಗಿನಿಂದ ಬರುತ್ತದೆ. ಆಗ ಗಲ್ಲದ ಕೆಳಗೆ ಬೆಳಕು, ಕೆನ್ನೆಯ ಮೇಲೆ ನೆರಳು. ಎಲ್ಲ ತಿರುವು ಮುರುವಾಗಿ ಚೆಲುವನೂ ದೆವ್ವದ ಹಾಗೆ ಕಾಣುತ್ತಾನೆ. ಅದನ್ನು ಸರಿಪಡಿಸಲು ಕಣ್ಣಿನ ಮೇಲೂ ಕೆನ್ನೆಯ ಕೆಳಗೂ ಹೆಚ್ಚು ಬಣ್ಣ ಬೇಕು. ಪೆಟ್ರೋಮ್ಯಾಕ್ಸನ್ನು ಮೇಲೆ ತೂಗುಹಾಕಿದರೆ ಲೆಕ್ಕ ಬೇರೆ, ಈಗಿನ ಎಲ್‌ಇಡಿ ಫೋಕಸ್ಸಿಗೆ ಮತ್ತೆ ಬೇರೆ. ಮೂವತ್ತು ಅಡಿ ಆಚೆ ಚಾಪೆಯ ಮೇಲೆ ಕೂತ ಅಜ್ಜಿಗೂ ಭೀಷ್ಮನ ಸುಕ್ಕು ಕಾಣಬೇಕು. ಆದ್ದರಿಂದ ಸುಕ್ಕಿಗೆ ಒಂದು ಕಪ್ಪು ಗೆರೆ ಸಾಲದು, ಅದಕ್ಕೆ ಅಂಟಿಕೊಂಡು ಒಂದು ಬಿಳಿ ಗೆರೆಯೂ ಬರಬೇಕು. ಕಪ್ಪು ಮಡಿಕೆಯ ತಗ್ಗು, ಬಿಳಿ ಅದರ ಏರು. ಪಾರ್ಲರಿನ ಕಾಂಟೂರ್, ಹೈಲೈಟುಗಳ ಜೋಡಿ ಇದೇ, ದೂರವನ್ನು ಮೂರು ಅಡಿಗೆ ಇಳಿಸಿದ್ದಾರೆ.

ಅಮೆರಿಕದಲ್ಲಿ ಕೆವಿನ್ ಆಕ್ವಾನ್‌ನಂಥ ಮೇಕಪ್ ಕಲಾವಿದರು 1990ರ ದಶಕದಲ್ಲಿ ಪುಸ್ತಕ ಬರೆದು ಇದನ್ನು ಮನೆಮಂದಿಗೆ ಕಲಿಸಿದರು. 2012ರಲ್ಲಿ ಕಿಮ್ ಕಾರ್ಡಾಶಿಯನ್ ತನ್ನ ಪಟ್ಟೆ ಮುಖದ ಫೋಟೊ ಹಾಕಿದ ಮೇಲೆ ಅದು ಜಗತ್ತಿನ ಮೊಬೈಲುಗಳಿಗೆಲ್ಲ ಹಬ್ಬಿತು.

ಈಗ ಮುಖದ ಆಕಾರ

ಕೂದಲನ್ನು ಹಿಂದಕ್ಕೆ ಕಟ್ಟಿ, ಹಗಲು ಹೊತ್ತು ಕಿಟಕಿಗೆ ಮುಖ ಮಾಡಿ ಕನ್ನಡಿ ಹಿಡಿಯಿರಿ. ಹಣೆ, ಕೆನ್ನೆಮೂಳೆ, ದವಡೆ, ಈ ಮೂರರಲ್ಲಿ ಯಾವುದು ಅಗಲ, ಉದ್ದಕ್ಕೂ ಅಗಲಕ್ಕೂ ಎಷ್ಟು ಅಂತರ ಎಂದು ನೋಡಿಕೊಂಡರೆ ಆಕಾರ ತಿಳಿಯುತ್ತದೆ.

ದುಂಡು ಮುಖದವರೇ ಹೆಚ್ಚಾಗಿ ಕಾಂಟೂರ್ ಕೇಳಿಕೊಂಡು ಬರುವವರು. ಕಿವಿಯ ನಡುವಿನಿಂದ ಬಾಯಿಯ ಮೂಲೆಯತ್ತ ಇಳಿಯುವ ಓರೆ ನೆರಳು, ಕಣ್ಣಿನ ಹೊರತುದಿಯ ನೇರಕ್ಕೆ ಬಂದಾಗ ನಿಲ್ಲಬೇಕು. ಬಾಯಿಯವರೆಗೆ ಎಳೆದರೆ ಮದುವೆಯ ದಿನ ಶಕುನಿಯಾಗುತ್ತೀರಿ. ಹಣೆಯ ಮಧ್ಯಕ್ಕೂ ಗಲ್ಲದ ತುದಿಗೂ ಸ್ವಲ್ಪ ತಿಳಿ ಬಣ್ಣ ಕೊಟ್ಟರೆ ಕಣ್ಣು ಮೇಲಿಂದ ಕೆಳಗೆ ಓಡಾಡುತ್ತದೆ, ಮುಖ ಉದ್ದವಾಯಿತೆನಿಸುತ್ತದೆ. ಉದ್ದ ಮುಖಕ್ಕೆ ಇದರ ವಿರುದ್ಧ. ನೆರಳು ಕೂದಲಂಚಿಗೆ, ಗಲ್ಲದ ಅಡಿಗೆ. ಕೆನ್ನೆಯ ಕೆಂಪು ಓರೆಯಾಗದೆ ಅಡ್ಡಕ್ಕೆ. ಗಲ್ಲಕ್ಕೆ ಹೊಳಪು ಬೇಡವೇ ಬೇಡ.

ಚೌಕ ಮುಖದಲ್ಲಿ ಕೆಲಸ ನಾಲ್ಕು ಮೂಲೆಗಳದು. ಹಣೆಯ ಎರಡು, ದವಡೆಯ ಎರಡು. ಅಗಲ ಹಣೆ, ಚೂಪು ಗಲ್ಲದವರಿಗೆ ಕಣತಲೆಗೆ ನೆರಳು, ಗಲ್ಲದ ಇಕ್ಕೆಲಕ್ಕೆ ಬೆಳಕು. ಕೆನ್ನೆಮೂಳೆಯೇ ಎಲ್ಲಕ್ಕಿಂತ ಅಗಲವಾಗಿ ಹಣೆ, ಗಲ್ಲ ಕಿರಿದಾಗಿರುವವರು ಕೆನ್ನೆಯ ಕೆಳಗೆ ನೆರಳು ಹಾಕಲು ಹೋಗದಿದ್ದರೂ ನಡೆಯುತ್ತದೆ, ಆ ಗುಳಿ ಅವರಿಗೆ ಹುಟ್ಟಿನಿಂದಲೇ ಇದೆ.

ಈ ಎಲ್ಲ ನಕ್ಷೆಗಳ ಹಿಂದೆ ಒಂದು ಊಹೆ ಕೂತಿದೆ: ಮೊಟ್ಟೆಯಾಕಾರದ ಮುಖವೇ ಸರಿ, ಉಳಿದವೆಲ್ಲ ಅದರತ್ತ ಎಳೆದು ತರಬೇಕಾದವು ಎಂದು. ಯಾರು ಹಾಗೆ ತೀರ್ಮಾನ ಮಾಡಿದರೋ! ಚಂದ್ರನಂಥ ಮುಖ ಎಂದು ದುಂಡು ಮುಖವನ್ನು ಹೊಗಳುತ್ತಾ ಬಂದ ನಾಡಿನವರು ಅದನ್ನು ತಿದ್ದಿಸಿಕೊಳ್ಳಲು ದುಡ್ಡು ಕೊಡುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಆಕಾರ ಬದಲಿಸುವುದಕ್ಕಿಂತ, ಇರುವ ಕೆನ್ನೆಮೂಳೆ ಕ್ಯಾಮೆರಾದಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದಕ್ಕೆ ಈ ವಿದ್ಯೆ ಹೆಚ್ಚು ಉಪಯೋಗ.

ನೆರಳಿಗೆ ಯಾವ ಬಣ್ಣ?

ಕಾಂಟೂರ್ ಪುಡಿ ಚರ್ಮಕ್ಕಿಂತ ಒಂದೆರಡು ಹಂತ ಗಾಢವಾಗಿರಬೇಕು, ಹೊಳಪಿರಬಾರದು, ಕೆಂಪು ಕಿತ್ತಳೆಯ ಛಾಯೆಯೂ ಇರಬಾರದು. ನೆರಳು ಎಂದೂ ಕಿತ್ತಳೆಯಾಗಿರುವುದಿಲ್ಲ. ಅಂಗಡಿಯಲ್ಲಿ ಪಕ್ಕದಲ್ಲೇ ಇಟ್ಟಿರುವ ಬ್ರಾಂಜರ್ ಬಿಸಿಲಿಗೆ ಕಂದಿದ ಬಣ್ಣ ಕೊಡಲು ಮಾಡಿದ್ದು. ಚಳಿ ದೇಶದವರಿಗೆ ಅದರ ಆಸೆ ಇರಬಹುದು, ಪಾವಗಡದ ಬಿಸಿಲಲ್ಲಿ ಬೆಳೆದವರಿಗೆ ದುಡ್ಡು ಕೊಟ್ಟು ಕಂದುವ ಅಗತ್ಯವಿಲ್ಲ.

ಎಣ್ಣೆಗೆಂಪು, ಕಪ್ಪು ಮೈಬಣ್ಣದವರಿಗೆ ದೊಡ್ಡ ತೊಂದರೆ ತಿಳಿ ಬಣ್ಣದ್ದು. ಬಿಳಿ ವರ್ಣದ್ರವ್ಯ ತುಂಬಿದ ಪೌಡರನ್ನು ಕಂದು ಚರ್ಮದ ಮೇಲೆ ಹಚ್ಚಿದರೆ ಬೆಳಕು ಬಿದ್ದಂತೆ ಕಾಣದು, ಬೂದಿ ಬಳಿದಂತೆ ಕಾಣುತ್ತದೆ. ಅಂಥವರಿಗೆ ಚಿನ್ನ, ತಾಮ್ರ, ಜೇನಿನ ಛಾಯೆಯ ಹೊಳಪು ಹೊಂದುತ್ತದೆ. ಗಾಢ ಚರ್ಮಕ್ಕೆ ಇಷ್ಟು ಛಾಯೆಗಳು ಬೇಕೆಂದು ದೊಡ್ಡ ಕಂಪನಿಗಳು ಒಪ್ಪಿಕೊಂಡದ್ದೇ ಇತ್ತೀಚೆಗೆ. ಗಾಯಕಿ ರಿಹಾನಾಳ ಫೆಂಟಿ ಬ್ಯೂಟಿ 2017ರಲ್ಲಿ 40 ಛಾಯೆಯ ಫೌಂಡೇಶನ್ ತಂದಾಗ ಅದು ಸುದ್ದಿಯಾಯಿತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರವರೆಗೆ ಅದೇ ಹೆಸರಿನಲ್ಲಿ ಮಾರಾಟವಾದ ದೇಶ ನಮ್ಮದು. ಹೆಣ್ಣಿನ ಮುಖವನ್ನು ಕುತ್ತಿಗೆಗಿಂತ ಎರಡು ಹಂತ ಬೆಳ್ಳಗೆ ಮಾಡುವುದೇ ಮೇಕಪ್ಪು ಎಂಬ ನಂಬಿಕೆ ಮಂಟಪಗಳಲ್ಲಿ ಈಗಲೂ ಇದೆ. ತಳದ ಬಣ್ಣವೇ ತಪ್ಪಿದರೆ ಯಾವ ನೆರಳೂ ಹೊಂದದು. ಹಣೆ ಒಬ್ಬರದು, ಕುತ್ತಿಗೆ ಇನ್ನೊಬ್ಬರದು ಎಂಬಂತೆ ಕಾಣುತ್ತದೆ.

ಆರತಕ್ಷತೆಗೆ ಬೇರೆ, ಧಾರೆಗೆ ಬೇರೆ

ನಮ್ಮ ಕಡೆ ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಎರಡರ ಬೆಳಕೂ ಒಂದೇ ಅಲ್ಲ. ಆರತಕ್ಷತೆಯಲ್ಲಿ ವಿಡಿಯೊದವರ ಲೈಟು ನೇರ ಎದುರಿನಿಂದ ಹೊಡೆಯುತ್ತದೆ, ಫೋಟೊದವರ ಫ್ಲಾಷ್ ಅದರ ಮೇಲೊಂದು. ಎದುರಿನ ಬೆಳಕು ಇರುವ ನೆರಳನ್ನೆಲ್ಲ ನುಂಗುತ್ತದೆ. ಅಲ್ಲಿ ಕಾಂಟೂರ್ ಕನ್ನಡಿಯಲ್ಲಿ ತುಸು ಹೆಚ್ಚೇ ಆಯಿತು ಎನಿಸುವಷ್ಟಿದ್ದರೆ ಫೋಟೊದಲ್ಲಿ ಸರಿಹೋಗುತ್ತದೆ. ಬಿಳಿ ಸೆಟ್ಟಿಂಗ್ ಪೌಡರ್, ಸತು ಇರುವ ಸನ್‌ಸ್ಕ್ರೀನ್ ಫ್ಲಾಷಿಗೆ ಹೊಳೆದು ಮುಖ ಹಿಟ್ಟು ಮೆತ್ತಿದಂತೆ ಬರುವ ಅಪಾಯವೂ ಅಲ್ಲಿನದೇ. ಒಂದು ಫ್ಲಾಷ್ ಫೋಟೊ ತೆಗೆದು ನೋಡಿಕೊಂಡೇ ವೇದಿಕೆ ಹತ್ತುವುದು ಕ್ಷೇಮ.

ಬೆಳಿಗ್ಗೆ ಹಾಗಲ್ಲ. ಹಗಲ ಬೆಳಕು ಬಾಗಿಲಿನಿಂದ, ಕಿಟಕಿಯಿಂದ ಅಡ್ಡಕ್ಕೆ ಬರುತ್ತದೆ, ಅತ್ತಿಗೆ ನಾದಿನಿಯರು ಒಂದಡಿ ದೂರದಲ್ಲಿರುತ್ತಾರೆ, ಹೋಮದ ಹೊಗೆ, ಬೆವರು, ಕಣ್ಣೀರು ಎಲ್ಲ ಉಂಟು. ಕ್ರೀಮಿನ ದಪ್ಪ ಕಾಂಟೂರ್ ವೈಶಾಖದ ಸೆಕೆಗೆ ಹತ್ತು ಗಂಟೆಯೊಳಗೆ ಜಾರಿರುತ್ತದೆ. ಪುಡಿಯದೇ ವಾಸಿ, ಅದೂ ಅರ್ಧದಷ್ಟು. ಹಣೆಗೆ ಬಾಸಿಂಗ, ಮೇಲೆ ಬೈತಲೆ ಬೊಟ್ಟು ಬರುವಾಗ ಹಣೆಯ ಮೂಲೆಗೆ ನೆರಳು ಹಾಕಿ ಪ್ರಯೋಜನವೇನು? ಬಾಸಿಂಗವೇ ಹಣೆಯನ್ನು ಕಿರಿದು ಮಾಡಿರುತ್ತದೆ. ಉದ್ದ ಜುಮುಕಿ ದುಂಡು ಮುಖವನ್ನು ಎಳೆಯುತ್ತದೆ, ಅಗಲ ಓಲೆ ಉದ್ದ ಮುಖವನ್ನು ತುಂಬುತ್ತದೆ. ಒಡವೆ ಎಲ್ಲ ಇಟ್ಟ ಮೇಲೆ ಕಾಂಟೂರ್ ಎಷ್ಟು ಬೇಕೆಂದು ನೋಡುವ ಬ್ಯೂಟಿಷಿಯನ್ ಸಿಕ್ಕರೆ ಬಿಡಬೇಡಿ. ಟ್ರಯಲ್ ಮೇಕಪ್ಪನ್ನು ಪಾರ್ಲರಿನ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಮುಗಿಸಿ ಬರುವ ಬದಲು, ಹಚ್ಚಿಸಿಕೊಂಡು ಬೀದಿಗೆ ಬಂದು ನೋಡಿ.

ಫೋನು ಅಗಲಿಸಿದ ಮೂಗು

ಪಾರ್ಲರಿನಲ್ಲಿ ಕೇಳಿಬರುವ ದೊಡ್ಡ ಬೇಡಿಕೆ “ಮೂಗು ಸಣ್ಣ ಕಾಣ್ಬೇಕು”. ಈ ದೂರು ಎಷ್ಟೋ ಸಲ ಹುಟ್ಟುವುದು ಕನ್ನಡಿಯಲ್ಲಲ್ಲ, ಸೆಲ್ಫಿಯಲ್ಲಿ. ಹತ್ತಿರದಿಂದ ತೆಗೆದಾಗ ಕ್ಯಾಮೆರಾಕ್ಕೆ ಮೂಗು ಕಿವಿಗಿಂತ ಬಹಳ ಸಮೀಪ, ಆದ್ದರಿಂದ ದೊಡ್ಡದು. ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ, 12 ಇಂಚು ದೂರದ ಸೆಲ್ಫಿಯಲ್ಲಿ ಮೂಗಿನ ಬುಡ 5 ಅಡಿಯಿಂದ ತೆಗೆದದ್ದಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ತೋರಿಸಿದರು. ಮೂಗಿನ ಇಕ್ಕೆಲಕ್ಕೆ ಕಂದು, ನಡುವೆ ಬಿಳಿ ಗೆರೆ ಎಳೆಸಿಕೊಳ್ಳುವ ಮೊದಲು ಯಾರ ಕೈಗಾದರೂ ಫೋನು ಕೊಟ್ಟು ಐದಾರು ಅಡಿ ಆಚೆ ನಿಂತು ತೆಗೆಯಲು ಹೇಳಿ. ಅರ್ಧದಷ್ಟು ಮಂದಿಗೆ ಆ ಗೆರೆಯೇ ಬೇಕಾಗಲಿಕ್ಕಿಲ್ಲ.

ಬೇಕೇ ಎಂದರೂ ಮೂಗಿನ ನೆರಳು ಎಲ್ಲಕ್ಕಿಂತ ಕಷ್ಟದ್ದು. ಮುಖದ ಮಧ್ಯದಲ್ಲಿರುವುದರಿಂದ ಬೆರೆಯದ ಅಂಚು ಅಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ, ಬೆವರು ಒರೆಸುವಾಗ ಮೊದಲು ಅಳಿಸಿಹೋಗುವುದೂ ಅದೇ. ಜೊತೆಗೆ ನಮ್ಮ ಹೆಣ್ಣುಮಕ್ಕಳ ಮೂಗುಬೊಟ್ಟು ಒಂದು ಪಕ್ಕದಲ್ಲಿ ಮಿಂಚುತ್ತಿರುತ್ತದೆ; ನೋಡುವವರ ಕಣ್ಣು ಅತ್ತ ಹೋದ ಮೇಲೆ ಎರಡೂ ಕಡೆಯ ಕಂದು ಗೆರೆ ಸಮವಾಗಿದ್ದರೇನು, ಬಿಟ್ಟರೇನು. ಅದಕ್ಕೆ ಕಳೆಯುವ ಹತ್ತು ನಿಮಿಷವನ್ನು ಕಾಡಿಗೆಗೂ ಹುಬ್ಬಿಗೂ ಕೊಟ್ಟರೆ ಮುಹೂರ್ತಕ್ಕೂ ತಡವಾಗುವುದಿಲ್ಲ.